ಒಂದೇ ಬಾವಿಯ ಎರಡು ಉತ್ತರ

ಮುಂಡಗೋಡ ತಾಲೂಕಿನ ಒಂದು ಸರ್ಕಾರಿ ಪ್ರೌಢಶಾಲೆಯಲ್ಲಿ ನಾನು ಕೆಲವು ವರ್ಷ ವಿಜ್ಞಾನ ಕಲಿಸಿದೆ. ಮಳಗಿಯ ಕಡೆಗೆ ಹೋಗುವ ರಸ್ತೆಯಿಂದ ಒಳಗೆ ತಿರುಗಿದರೆ ಗೋವಿನಜೋಳದ ಹೊಲಗಳ ನಡುವೆ ಸಿಗುವ ಊರು ಅದು. ವಾರವಿಡೀ ಮುಂಡಗೋಡದ ಬಾಡಿಗೆ ಮನೆಯಲ್ಲಿ ಒಬ್ಬಳೇ ಇದ್ದು, ಶನಿವಾರ ಶಾಲೆ ಬಿಟ್ಟ ಮೇಲೆ ಹಳಿಯಾಳದ ಮೇಲಿಂದ ದಾಂಡೇಲಿಗೆ ಹೋಗುತ್ತಿದ್ದೆ. ನನ್ನ ಗಂಡ ದಾಂಡೇಲಿಯ ಬಂಗೂರನಗರದ ಕಾಲೇಜೊಂದರ ಲೈಬ್ರರಿಯಲ್ಲಿ ಕೆಲಸ ಮಾಡುತ್ತಾರೆ. ನಾನು ಹುಟ್ಟಿ ಬೆಳೆದದ್ದೂ ಅಲ್ಲಿಯೇ.

ನಾನು ಮೊದಲಿನಿಂದಲೂ ಒಂದು ಕಡೆ ಕೂಡುವವಳಲ್ಲ. ಪಾಠ ಮಾಡುವಾಗ ಬೆಂಚುಗಳ ನಡುವೆ ಓಡಾಡುತ್ತಲೇ ಇರುತ್ತೇನೆ. ಬಸ್ಸಿಗೆ ಕಾಯುವಾಗ ನಿಲ್ದಾಣದ ಈ ತುದಿಯಿಂದ ಆ ತುದಿಗೆ ನಡೆಯುತ್ತೇನೆ. ಆದರೆ ಈ ಬಾವಿಯ ಸಂಗತಿ ನಡೆದ ವರ್ಷ ಫೆಬ್ರುವರಿಯಿಂದ ಮಳೆಗಾಲದವರೆಗೆ ನನ್ನನ್ನು ಹಿಡಿದಿದ್ದ ಚಡಪಡಿಕೆ ಬೇರೆಯ ಥರದ್ದು. ಅದು ಕಾಲಿನಲ್ಲಿರಲಿಲ್ಲ. ಹಾಜರಿ ಕೂಗುವಾಗ ಅರ್ಧದಲ್ಲಿ ಮರೆತು ಮತ್ತೆ ಮೊದಲಿನಿಂದ ಶುರು ಮಾಡುತ್ತಿದ್ದೆ.

ವಿಜ್ಞಾನ ದಿನವೆಂದರೆ ನಮ್ಮ ಶಾಲೆಯಲ್ಲಿ ಥರ್ಮೋಕೋಲಿನ ಜ್ವಾಲಾಮುಖಿ ಮಾಡುವುದು, ರಟ್ಟಿನ ರಾಕೆಟ್ಟಿಗೆ ಬಣ್ಣ ಹಚ್ಚುವುದು, ಯಾರಾದರೂ ದೊಡ್ಡವರನ್ನು ಕರೆಸಿ ರಿಬ್ಬನ್ ಕತ್ತರಿಸುವುದು. ಮಕ್ಕಳು ಅವೇ ಸಾಲುಗಳನ್ನು ಉಸಿರು ಬಿಡದೆ ಒಪ್ಪಿಸುತ್ತಿದ್ದರು. ಅದನ್ನು ನೋಡಿ ನೋಡಿ ನನಗೆ ಸಾಕಾಗಿತ್ತು. ಆ ವರ್ಷ ಒಂಬತ್ತನೆಯ ತರಗತಿಯವರಿಗೆ, ನಿಮ್ಮ ಊರಿನ ಬಗ್ಗೆ ನಿಮಗೇ ಉತ್ತರ ಗೊತ್ತಿಲ್ಲದ ಒಂದು ಪ್ರಶ್ನೆ ಕೇಳೋಣ ಎಂದೆ. ನಾವು ಕುಡಿಯುವ ನೀರು ಎಂಥದ್ದು ಎಂಬುದೇ ಪ್ರಶ್ನೆಯಾಯಿತು.

ನೀರು ಪರೀಕ್ಷಿಸುವ ಸಣ್ಣ ಬಾಟಲಿಗಳನ್ನು ತರಿಸಿದೆ. ಅದರೊಳಗೆ ಔಷಧಿ ಹಚ್ಚಿದ ಕಾಗದದ ಪಟ್ಟಿ ಇರುತ್ತದೆ. ಗುರುತಿನವರೆಗೆ ನೀರು ತುಂಬಿ, ಮುಚ್ಚಳ ಬಿಗಿದು, ಬೆಚ್ಚಗಿನ ಜಾಗದಲ್ಲಿ ಒಂದೆರಡು ದಿನ ಇಡಬೇಕು. ಸಗಣಿಯೋ ಮಲವೋ ಬೆರೆತ ನೀರಾದರೆ ಅದು ಕಪ್ಪಾಗುತ್ತದೆ, ಇಲ್ಲದಿದ್ದರೆ ತಿಳಿ ಚಹಾದ ಬಣ್ಣದಲ್ಲೇ ಉಳಿಯುತ್ತದೆ. ಮಕ್ಕಳು ಬೋರಿಂಗಿನ ನೀರು ತಂದರು, ನಲ್ಲಿಯ ನೀರು ತಂದರು, ಹೊಲದ ಪಂಪಿನ ನೀರು ತಂದರು. ಈಶ್ವರ ಗುಡಿಯ ಪಕ್ಕದ ಬಾವಿಯ ನೀರನ್ನು ಒಬ್ಬ ಹುಡುಗಿ ತಂದಳು.

ಆ ಹುಡುಗಿಯ ಬಗ್ಗೆ ಹೇಳಬೇಕು. ಕಾಡಿನ ಅಂಚಿಗಿರುವ ಸಿದ್ದಿ ಬುಡಕಟ್ಟಿನವರ ಕೇರಿಯಿಂದ ನಡೆದು ಬರುತ್ತಿದ್ದಳು. ಅವ್ವ ಕೂಲಿಗೆ ಹೋಗುತ್ತಿದ್ದಳು, ಅಪ್ಪ ಲಾರಿಗೆ ಕಟ್ಟಿಗೆ ಹೇರುತ್ತಿದ್ದ. ಪರೀಕ್ಷೆಯಲ್ಲಿ ಆಕೆಗೆ ಅಂಥ ದೊಡ್ಡ ಅಂಕಗಳೇನೂ ಬರುತ್ತಿರಲಿಲ್ಲ. ಆದರೆ ಪಾಠ ಮುಗಿದು ನಾನು ಚಾಕ್‌ಪೀಸ್ ಕೆಳಗಿಡುವ ಹೊತ್ತಿಗೆ ಸರಿಯಾಗಿ ಕೈ ಎತ್ತುತ್ತಿದ್ದಳು. ಸೂಕ್ಷ್ಮಜೀವಿಗಳ ಪಾಠ ಮುಗಿದ ದಿನ ಆಕೆ ಕೇಳಿದ್ದು ನನಗೆ ಇನ್ನೂ ನೆನಪಿದೆ. "ಟೀಚರ್, ಕಣ್ಣಿಗೆ ಕಾಣಲಾರದ್ದು ಐತಿ ಅಂತ ಮೊದಲ ಯಾರಿಗೆ ಅನುಮಾನ ಬಂತು?" ಆವತ್ತು ಗಂಟೆ ಹೊಡೆದ ಮೇಲೂ ನಾವು ಅದನ್ನೇ ಮಾತಾಡುತ್ತ ಕೂತಿದ್ದೆವು.

ಗುಡಿಯ ಬಾವಿ ಆಕೆ ಶಾಲೆಗೆ ಬರುವ ದಾರಿಯಲ್ಲೇ ಇತ್ತು. ಊರಿನ ಬಹಳಷ್ಟು ಮನೆಗಳಿಗೆ ಕುಡಿಯಲು ಅದರದೇ ನೀರು. ನಲ್ಲಿಯ ನೀರಿಗೆ ಬ್ಲೀಚಿಂಗ್ ಪೌಡರಿನ ವಾಸನೆ, ಅದರಲ್ಲಿ ಬೇಳೆ ಬೇಯುವುದಿಲ್ಲ ಎನ್ನುತ್ತಿದ್ದರು. ಬಾವಿಯ ನೀರು ಸಿಹಿ, ಅದರ ಚಹಾದ ರುಚಿಯೇ ಬೇರೆ ಎನ್ನುತ್ತಿದ್ದರು. ಅದು ಸುಳ್ಳಲ್ಲ. ನಾನೂ ಕುಡಿದಿದ್ದೆ.

ಮರುದಿನ ಬೆಳಿಗ್ಗೆ ಪ್ರಯೋಗದ ಕೋಣೆಯ ಬಾಗಿಲು ತೆಗೆದಾಗ ಬಾಟಲಿಗಳ ಸಾಲಿನಲ್ಲಿ ಬೇರೆಲ್ಲವೂ ತಿಳಿಯಾಗಿದ್ದವು. ಗುಡಿ ಬಾವಿಯದೊಂದು ಶಾಯಿಯ ಹಾಗೆ ಕಪ್ಪಾಗಿತ್ತು. ಮಕ್ಕಳು ಸುತ್ತ ನಿಂತು ನೋಡಿದರು. ಒಂದೇ ಬಾಟಲಿಯಿಂದ ಏನೂ ತೀರ್ಮಾನ ಆಗುವುದಿಲ್ಲ, ಇನ್ನೊಮ್ಮೆ ನೋಡಬೇಕು, ಅಲ್ಲಿಯವರೆಗೆ ಮನೆಯಲ್ಲಿ ನೀರು ಕುದಿಸಿ ಕುಡಿಯಲು ಹೇಳಿ ಎಂದೆ. ನಾನು ಹೇಳುತ್ತಿರುವಾಗಲೇ ಯಾರೋ ಶಾಲೆಯ ಮೊಬೈಲಿನಲ್ಲಿ ಆ ಬಾಟಲಿಯ ಫೋಟೋ ತೆಗೆದಾಗಿತ್ತು. ಮಧ್ಯಾಹ್ನದ ಊಟದ ಹೊತ್ತಿಗೆ ಅದು ಊರಿನ ವಾಟ್ಸಾಪಿನಲ್ಲಿ ಓಡಾಡುತ್ತಿತ್ತು. ಫೋಟೋದ ಕೆಳಗೆ ಗುಡಿಯ ಬಾವಿಗೆ ವಿಷ ಬಿದ್ದಿದೆ ಎಂದು ಯಾರೋ ಬರೆದಿದ್ದರು.

ಸಂಜೆ ಶಾಲೆ ಬಿಡುವ ಮೊದಲೇ ಗೌಡರು ಬಂದರು. ಊರಿನ ಹಿರಿಯರು ಅವರು. ಬಾವಿಯನ್ನು ತೋಡಿಸಿದ್ದು ಅವರ ಅಜ್ಜ. ಹಣೆಯ ತುಂಬ ವಿಭೂತಿ, ತುಂಬುತೋಳಿನ ಬಿಳಿ ಅಂಗಿ, ಸೌಮ್ಯವಾದ ಮಾತು. ಶಾಲೆಯ ಕಂಪೌಂಡಿಗೆ ಜಾಗ ಬಿಟ್ಟುಕೊಟ್ಟವರೂ ಅವರೇ. ಹಿಂದೆ ಒಂದಿಷ್ಟು ಜನ ನಿಂತಿದ್ದರು. ಹೆಡ್‌ಮಾಸ್ತರರು ಕುರ್ಚಿ ಹಾಕಿಸಿದರು, ಚಹಾ ತರಿಸಿದರು. ಗೌಡರು ಚಹಾ ಮುಟ್ಟಲಿಲ್ಲ. ನಮ್ಮ ಅಜ್ಜ ಕುಡಿದ, ಅಪ್ಪ ಕುಡಿದ, ನಾನು ಇಷ್ಟು ವಯಸ್ಸಾಗುವವರೆಗೆ ಕುಡಿದಿದ್ದೇನೆ, ಮೊದಲ ನೀರು ಈಶ್ವರನ ಮೇಲೆ ಹಾಕುತ್ತೇವೆ, ಅಂಥ ನೀರಿಗೆ ಒಂದು ಬಾಟಲಿ ಕೆಟ್ಟ ಹೆಸರಿಡುವುದು ಹೇಗೆ ಎಂದು ಕೇಳಿದರು. ನಾನು ವಿವರಿಸಲು ಹೋದೆ. ಹಿಂದೆ ನಿಂತಿದ್ದ ಒಬ್ಬ ನಡುವೆಯೇ ಬಾಯಿ ಹಾಕಿ, ನೀರು ತಂದವರು ಯಾರು ಎಂದು ಕೇಳಿದ. ಯಾರೆಂದು ಗೊತ್ತಾದ ಮೇಲೆ ಆತ ಹೇಳಿದ ಮಾತು ಇದು: "ಹಂಗಾರ ಅದು ನೀರಿಂದಲ್ರಿ. ಆಕಿ ಕೈದು ಐತಿ ನೋಡ್ರಿ."

ಕೆಲವರು ನಕ್ಕರು. ಗೌಡರು ನಗಲಿಲ್ಲ, ಹಾಗನ್ನಬೇಡ ಎಂದು ಗದರಲೂ ಇಲ್ಲ. ಹುಡುಗಿ ವರಾಂಡದ ಕಂಬದ ಹತ್ತಿರವೇ ನಿಂತಿದ್ದಳು. ಅಂಗೈಯನ್ನೊಮ್ಮೆ ನೋಡಿಕೊಂಡು, ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡಳು.

ನನಗೆ ಸಿಟ್ಟು ಬಂತು. ಆ ಸಿಟ್ಟಿನಲ್ಲೇ, ಈ ವಾರದೊಳಗೆ ನಿಮ್ಮೆಲ್ಲರ ಎದುರಿಗೆ ನಾನೇ ನೀರು ಸೇದಿ ಬಾಟಲಿ ತುಂಬುತ್ತೇನೆ, ನೀವೇ ನೋಡಿ ಎಂದೆ. ಗೌಡರು ಆಗಲಿ ಎಂದು ಎದ್ದರು. ಅವರು ಹೋದ ಮೇಲೆ ಹೆಡ್‌ಮಾಸ್ತರರು, ಸಿಲೆಬಸ್ಸಿನಲ್ಲಿ ಇಲ್ಲದ್ದನ್ನು ಯಾಕೆ ಮೈಮೇಲೆ ಎಳೆದುಕೊಳ್ಳುತ್ತೀರಿ ಎಂದು ಬೇಸರದಿಂದ ಕೇಳಿದರು. ಅವರದೂ ತಪ್ಪಲ್ಲ. ಶಾಲೆಗೆ ಏನೇ ಬೇಕಾದರೂ ಅವರು ಆ ಊರಿನವರ ಮುಂದೆಯೇ ನಿಲ್ಲಬೇಕಿತ್ತು.

ಹೇಳಿದ ಹಾಗೆ ಆ ವಾರದ ಕೊನೆಗೆ ಬಾವಿಯ ಹತ್ತಿರ ಹೋದೆವು. ಅರ್ಧ ಊರೇ ಸೇರಿತ್ತು. ಹುಡುಗಿ ಬಂದಿರಲಿಲ್ಲ. ನಾನು ಸೋಪು ಹಚ್ಚಿ ಕೈ ತೊಳೆದುಕೊಂಡೆ, ಕೊಡವನ್ನು ಬಿಸಿನೀರಿನಲ್ಲಿ ತೊಳೆಸಿದೆ, ನೀರು ಸೇದಿ ಬಾಟಲಿ ತುಂಬಿದೆ. ಈ ನಡುವೆ ಬಾವಿಗೆ ಪೌಡರ್ ಹಾಕಿದ್ದಾರೆಯೇ ಎಂದು ಪಂಚಾಯತಿಯ ವಾಟರ್‌ಮ್ಯಾನನನ್ನು ಕೇಳಿದೆ. ಇಲ್ಲ ಎಂದ. ಮೂಸಿ ನೋಡಿದೆ, ನೀರಿಗೆ ಯಾವ ವಾಸನೆಯೂ ಇರಲಿಲ್ಲ. ಬಾಟಲಿಯನ್ನು ಗುಡಿಯ ಕಟ್ಟೆಯ ಗೂಡಿನಲ್ಲಿ, ಎಲ್ಲರಿಗೂ ಕಾಣುವ ಹಾಗೆ ಇಡಬೇಕೆಂದು ಅವರೇ ಹೇಳಿದರು. ನಾನು ಒಪ್ಪಿದೆ.

ಆ ವಾರ ದಾಂಡೇಲಿಗೆ ಹೋಗಲಿಲ್ಲ. ಮುಂಡಗೋಡದ ಮನೆಯಲ್ಲಿ ಕೂಡಲಾಗದೆ ರವಿವಾರವೂ ಬಸ್ಸು ಹತ್ತಿ ಆ ಊರಿಗೆ ಹೋದೆ. ಬಾಟಲಿ ತಿಳಿಯಾಗಿಯೇ ಇತ್ತು. ಸೋಮವಾರವೂ ತಿಳಿಯಾಗಿತ್ತು. ಶಾಲೆಗೆ ನಡೆದು ಬರುವಾಗ ಅಂಗಡಿಯ ಕಟ್ಟೆಯ ಮೇಲೆ ಕೂತವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಒಬ್ಬ ಮಾತ್ರ ಗೌರವದಿಂದಲೇ ಕೇಳಿದ: "ಟೀಚರ್ರ, ಯಾವ ಬಾಟಲಿ ಖರೆ ಅಂತ ತಿಳಕೊಳ್ಳೂಣ್ರಿ ನಾವು?"

ನೋಡಬೇಕ್ರಿ, ಇನ್ನೂ ಪರೀಕ್ಷೆ ಮಾಡಬೇಕು ಎಂದೆ. ಆತ ತಲೆಯಾಡಿಸಿದ. ಆ ತಲೆಯಾಟದಲ್ಲಿ ಅಪಹಾಸ್ಯವಿದ್ದಿದ್ದರೆ ನನಗೆ ಇಷ್ಟು ಕಷ್ಟವಾಗುತ್ತಿರಲಿಲ್ಲ. ಇವರಿಗೂ ಗೊತ್ತಿಲ್ಲ ಎಂಬ ನಿರಾಸೆ ಅದರಲ್ಲಿತ್ತು.

ಮುಂದಿನ ದಿನಗಳಲ್ಲಿ ಅದರ ಪರಿಣಾಮ ಬಾವಿಯ ಆಚೆಗೂ ಹಬ್ಬಿತು. ಶಾಲೆಯಲ್ಲಿ ಜಂತುಹುಳದ ಗುಳಿಗೆ ಕೊಡುವ ದಿನ, ಮನೆಯಲ್ಲಿ ಬೇಡ ಅಂದಿದ್ದಾರೆ ಎಂದು ಕೆಲವು ಮಕ್ಕಳು ಕೈ ಹಿಂದೆ ಎಳೆದುಕೊಂಡರು. ಮೊದಲು ಯಾರೂ ಹಾಗೆ ಮಾಡಿರಲಿಲ್ಲ. ಒಂದು ಬಾಟಲಿ ಹುಸಿಯಾದರೆ ಗುಳಿಗೆಯ ಮೇಲಿನ ನಂಬಿಕೆಯೂ ಹೋಗುತ್ತದೆ ಎಂಬುದನ್ನು ನಾನು ಎಣಿಸಿರಲಿಲ್ಲ. ಹುಡುಗಿ ಶಾಲೆಗೆ ಬರುತ್ತಿದ್ದಳು, ಹಿಂದಿನ ಬೆಂಚಿನಲ್ಲಿ ಕೂಡುತ್ತಿದ್ದಳು. ನಾನು ಚಾಕ್‌ಪೀಸ್ ಕೆಳಗಿಟ್ಟಾಗ ತಲೆ ತಗ್ಗಿಸಿ ಪುಸ್ತಕ ಚೀಲಕ್ಕೆ ತುಂಬುತ್ತಿದ್ದಳು. ಬಿಸಿಯೂಟದ ಹೊತ್ತಿಗೆ ಮಕ್ಕಳು ಸರದಿಯ ಮೇಲೆ ನೀರು ಬಡಿಸುವುದಿತ್ತು. ಆಕೆಯ ಸರದಿಯ ದಿನ ಇನ್ನೊಬ್ಬಳು ತಾನೇ ಜಗ್ಗು ತೆಗೆದುಕೊಂಡಳು. ನಾನು ಎದ್ದು ಹೋಗಿ ಜಗ್ಗನ್ನು ಈಕೆಯ ಕೈಗೆ ಕೊಟ್ಟೆ. ಈಕೆ ಅದನ್ನು ನೆಲದ ಮೇಲಿಟ್ಟು ಹೊರಗೆ ಹೋದಳು.

ಮಾರ್ಚಿನ ಒಂದು ಮುಂಜಾನೆ ಗೌಡರ ಸೊಸೆ ಮುಂಡಗೋಡದ ಬಸ್ಸಿನಲ್ಲಿ ನನಗೆ ಸಿಕ್ಕಳು. ಹಿಂದಿನ ದಿನ ಕೂಸಿಗೆ ಚುಚ್ಚುಮದ್ದು ಹಾಕಿಸಿ, ಮುಂಡಗೋಡದಲ್ಲೇ ಉಳಿದು, ಈಗ ಊರಿಗೆ ಹೊರಟಿದ್ದಳು. ಪಕ್ಕದಲ್ಲಿ ಜಾಗ ಮಾಡಿಕೊಟ್ಟಳು. ಸ್ವಲ್ಪ ಹೊತ್ತು ಕೂಸಿನ ಮಾತು, ಬಿಸಿಲಿನ ಮಾತು ಆಯಿತು. ಕೂಸು ಅತ್ತಾಗ ಚೀಲದಿಂದ ಸ್ಟೀಲಿನ ಬಾಟಲಿ ತೆಗೆದು ಚಮಚದಲ್ಲಿ ನೀರು ಕುಡಿಸಿದಳು. ಕುದಿಸಿದ ನೀರೇ ಎಂದು ನಾನು ಸಹಜವಾಗಿ ಕೇಳಿದೆ. ಆಕೆ ಹಿಂದೆ ಮುಂದೆ ನೋಡಿ ದನಿ ತಗ್ಗಿಸಿದಳು.

"ನಮ್ಮ ಮನ್ಯಾಗ ಎಲ್ಲಾರೂ ಕುದಿಸಿದ್ದನ ಕುಡಿಯೂದ್ರಿ ಈಗ. ಆವತ್ತ ನಿಮ್ಮ ಸಾಲಿಯಿಂದ ಬಂದ ಕೂಡ್ಲೆ ಮಾವ ಹಂಗ ಹೇಳಿದ್ರು. ಮರುದಿನ ನಸುಕಿನ್ಯಾಗ ಬಾವಿಗೆ ಪೌಡರ್ ಹಾಕಿಸಿದವರೂ ಅವರ ಅದಾರ್ರಿ. ನಾ ಹೇಳಿದೆ ಅಂತ ಎಲ್ಲೂ ಅನಬ್ಯಾಡ್ರಿ ಮತ್ತ."

ನನಗೆ ಬಸ್ಸಿನೊಳಗೆ ಕೂಡಲು ಆಗಲಿಲ್ಲ. ಎದ್ದು ನಿಂತೆ, ಮತ್ತೆ ಕೂತೆ. ಇಷ್ಟು ದಿನ ನಾನು ಆ ಎರಡು ಬಾಟಲಿಗಳನ್ನು ತಲೆಯೊಳಗೆ ತಿರುಗಿಸಿ ತಿರುಗಿಸಿ ನೋಡಿದ್ದೆ. ಈಗ ಉತ್ತರ ಸಿಕ್ಕಿತ್ತು. ಎರಡೂ ಖರೆ. ಮೊದಲ ದಿನದ ನೀರು ಕೆಟ್ಟಿತ್ತು. ನಡುವೆ ಪೌಡರ್ ಬಿತ್ತು. ನಾನು ಸೇದುವ ಹೊತ್ತಿಗೆ ವಾಸನೆ ಹೋಗಿ ನೀರು ಶುದ್ಧವಾಗಿತ್ತು. ಊರಿನ ಮುಂದೆ ನಮ್ಮ ಪರೀಕ್ಷೆಯನ್ನು ಅಲ್ಲಗಳೆದ ಮನುಷ್ಯನೇ ಅದನ್ನು ಎಲ್ಲರಿಗಿಂತ ಮೊದಲು ನಂಬಿದ್ದ. ನಂಬಿ, ನಂಬಿದ್ದನ್ನು ಮುಚ್ಚಿಟ್ಟಿದ್ದ. ಅದರ ಭಾರ ಮಾತ್ರ ಒಬ್ಬ ಹುಡುಗಿಯ ಕೈಯ ಮೇಲೆ ಬಿದ್ದಿತ್ತು.

ಆ ಶನಿವಾರ ದಾಂಡೇಲಿಗೆ ಹೋದಾಗ ಗಂಡನಿಗೆ ಎಲ್ಲ ಹೇಳಿದೆ. ಸೋಮವಾರವೇ ಊರಿನವರನ್ನು ಸೇರಿಸಿ ಗೌಡರನ್ನು ಕೇಳುತ್ತೇನೆ ಎಂದೆ. ಹೇಳುತ್ತ ಅಡುಗೆಮನೆಯಲ್ಲಿ ಅತ್ತಿಂದಿತ್ತ ಓಡಾಡುತ್ತಿದ್ದೆ. ಅವರು "ಗೆಲ್ಲಬೇಕಾದವರು ಯಾರು, ನೀನೋ ಆ ಹುಡುಗೀನೋ?" ಎಂದು ಕೇಳಿದರು. ನನಗೆ ಇನ್ನೂ ಸಿಟ್ಟು ಬಂತು. ಆದರೆ ಆ ಪ್ರಶ್ನೆ ಬಸ್ಸಿನಲ್ಲಿ ನನ್ನ ಜೊತೆಗೇ ಹಳಿಯಾಳದವರೆಗೆ ಬಂತು, ಅಲ್ಲಿಂದ ಮುಂಡಗೋಡದವರೆಗೂ ಬಂತು. ಎಲ್ಲರೆದುರು ಗೌಡರ ಮಾನ ಕಳೆದರೆ ಬಾವಿಯ ನೀರು ಶುದ್ಧವಾಗುವುದಿಲ್ಲ. ಸೊಸೆ ಸಿಕ್ಕಿಬೀಳುತ್ತಾಳೆ. ಹುಡುಗಿಯ ಮೇಲಿನ ಮಾತು ಇನ್ನೊಂದು ರೂಪ ತಾಳುತ್ತದೆ. ಸೋಮವಾರ ಸಂಜೆ ಶಾಲೆ ಬಿಟ್ಟ ಮೇಲೆ ನಾನು ಒಬ್ಬಳೇ ಗೌಡರ ಮನೆಗೆ ಹೋದೆ.

ಅವರು ಕಟ್ಟೆಯ ಮೇಲೆ ಕೂತು ಹಗ್ಗ ಹೊಸೆಯುತ್ತಿದ್ದರು. ಬರ್ರಿ ಅಕ್ಕೋರ ಎಂದು ಕರೆದು ಚಾಪೆ ಹಾಸಿಸಿದರು. ಯಾರು ಹೇಳಿದರೆಂದು ನಾನು ಹೇಳಲಿಲ್ಲ. ನಡುವೆ ಬಾವಿಗೆ ಪೌಡರ್ ಬಿದ್ದಿರಲೇಬೇಕು, ಇಲ್ಲದಿದ್ದರೆ ಎರಡು ಬಾಟಲಿ ಎರಡು ಥರ ಆಗಲು ಬೇರೆ ಕಾರಣ ನನಗೆ ಕಾಣುವುದಿಲ್ಲ ಎಂದಷ್ಟೇ ಹೇಳಿದೆ. ಅವರು ಹಗ್ಗ ಬಿಡಲಿಲ್ಲ. ಕೈ ಮಾತ್ರ ನಿಂತಿತು. ವಾಟರ್‌ಮ್ಯಾನನಿಗೂ ಗೊತ್ತಾಗದ ಹಾಗೆ ತಾವೇ ಹಾಕಿಸಿದ್ದು ಎಂದು ಒಪ್ಪಿಕೊಂಡರು. ಯಾಕೆ ಎಂದೂ ಅವರೇ ಹೇಳಿದರು.

"ಹ್ವಾದ ವರ್ಷ ನಮ್ಮ ಓಣ್ಯಾಗ ಒಬ್ಬಾಕಿ ಕಾಮಣಿ ಆಗಿ, ಮೈಯೆಲ್ಲ ಹಳದಿ ಬಿದ್ದ ತೀರಿಕೊಂಡಳ್ರಿ. ಸಣ್ಣ ವಯಸ್ಸು. ಆಕಿನೂ ಇದ ನೀರ ಕುಡದಾಳ. ನಿಮ್ಮ ಬಾಟಲಿ ಕಪ್ಪಾಗಿದ್ದ ಕೇಳಿದ ಕೂಡ್ಲೆ ನನಗ ಆಕೀನ ನೆನಪಾತು. ನಮ್ಮ ಅಜ್ಜ ತೋಡಿಸಿದ ಬಾವಿಯಿಂದ ಆಕಿ ಹೋದಳು ಅಂತ ಆದ್ರ ನಾ ಆಕಿ ಗಂಡಗ ಹೆಂಗ ಮುಖ ತೋರಸ್ಲಿ?"

ನಾನು ಅಲ್ಲಿಗೆ ಹೋಗುವಾಗ ಒಂದು ದೊಡ್ಡ ಮಾತನ್ನೇ ಸಿದ್ಧ ಮಾಡಿಕೊಂಡು ಹೋಗಿದ್ದೆ. ಅದೆಲ್ಲ ಅಲ್ಲಿಯೇ ಬಿದ್ದುಹೋಯಿತು. ಬಾಟಲಿಯೊಳಗಿನ ಕಪ್ಪು ನನಗೆ ಒಂದು ಪಾಠವಾಗಿತ್ತು, ಅವರಿಗೆ ಅದು ಕೊಲೆಯ ಆರೋಪದ ಹಾಗೆ ಕಂಡಿತ್ತು. ನನಗೆ ಗೊತ್ತಿದ್ದುದನ್ನು ಇದ್ದ ಹಾಗೆ ಹೇಳಿದೆ.

"ಗೌಡ್ರ, ಹ್ವಾದ ವರ್ಷ ನೀರಿನ್ಯಾಗ ಏನಿತ್ತು ಅಂತ ಈ ಬಾಟಲಿ ಹೇಳೂದಿಲ್ರಿ. ಆಕಿ ಯಾತರಿಂದ ಹೋದಳು ಅನ್ನೂದನ್ನೂ ಹೇಳೂದಿಲ್ಲ. ನನಗೂ ಗೊತ್ತಿಲ್ಲ. ಇವತ್ತ ನೀರು ಹೆಂಗ ಐತಿ ಅನ್ನೂದಷ್ಟ ಹೇಳತೈತಿ."

ಅಷ್ಟ ಏನ್ರಿ ಎಂದು ಅವರು ಕೇಳಿದರು. ಅಷ್ಟೇ ಎಂದೆ. ಒಳಗೆ ಕೂಸು ಅಳುತ್ತಿತ್ತು, ಸೊಸೆ ಬಾಗಿಲ ಮರೆಯಲ್ಲಿ ನಿಂತಿದ್ದಳು. ಆಮೇಲೆ ಅವರು ಬಾವಿಯ ಕಟ್ಟೆ ಒಡೆದಿರುವುದನ್ನು ತಾವಾಗಿಯೇ ಹೇಳಿದರು. ಅದರ ಪಕ್ಕದಲ್ಲೇ ದನಗಳು ನೀರು ಕುಡಿಯುವ ಬಾನಿ ಇದೆ, ಅಲ್ಲಿ ಸಗಣಿ ನಿಂತು ಕೊಳೆಯುತ್ತದೆ, ಕೊಚ್ಚೆಯ ನೀರು ಬಿರುಕಿನಿಂದ ಒಳಗೆ ಇಳಿಯುತ್ತಿರಬೇಕು ಎಂದರು. ಇನ್ನೊಮ್ಮೆ ಪರೀಕ್ಷೆ ಮಾಡೋಣ ಎಂದೂ ಅವರೇ ಅಂದರು. ನಾನು ಹುಡುಗಿಯ ಮಾತು ತೆಗೆದೆ. ಆ ಸಂಜೆ ಶಾಲೆಯಲ್ಲಿ ಆದದ್ದು ಅವರಿಗೆ ನೆನಪಿತ್ತು. ಈ ಸಲ ಆಕೆಯೇ ಸೇದಲಿ, ನಾನು ಪಕ್ಕದಲ್ಲಿ ನಿಲ್ಲುತ್ತೇನೆ ಎಂದರು.

ಮರುದಿನ ನಾನು ಹುಡುಗಿಯನ್ನು ಕರೆದು ಇದನ್ನು ಹೇಳಿದಾಗ ಆಕೆ ಖುಷಿಪಡುತ್ತಾಳೆ ಎಂದುಕೊಂಡಿದ್ದೆ. ಆಕೆ ನನ್ನ ಮುಖ ನೋಡದೆ, "ಒಲ್ಲೆ ಟೀಚರ್" ಎಂದಳು. "ಕಪ್ಪಾದ್ರ ಮತ್ತ ನನ್ನ ಕೈ ಅಂತಾರ. ಕಪ್ಪಾಗಲಿಲ್ಲ ಅಂದ್ರ ಮೊದಲಿಂದು ಸುಳ್ಳ ಅಂತಾರ. ನಾ ಸೇದಿದ್ರ ನನಗೇನ ಬಂತು?"

ಒತ್ತಾಯ ಮಾಡುವುದಿಲ್ಲ ಎಂದು ಕಳಿಸಿದೆ. ಆವತ್ತು ಎಂಟನೆಯ ತರಗತಿಗೆ ಏನು ಪಾಠ ಮಾಡಿದೆನೋ ಈಗಲೂ ನೆನಪಿಲ್ಲ. ಸಂಜೆ ಬಸ್ಸಿಗೆ ನಿಂತಿದ್ದಾಗ ಹುಡುಗಿ ರಸ್ತೆಯ ಆಚೆಯಿಂದ ಓಡಿ ಬಂದಳು. ಏದುಸಿರು ಬಿಡುತ್ತ ಹೇಳಿದಳು: "ಟೀಚರ್, ಗೌಡ್ರೂ ಒಂದ ಬಾಟಲಿ ತುಂಬಲಿ. ನಾನೂ ಒಂದ ತುಂಬತೇನಿ. ಅದ ನೀರ ಕುದಿಸಿ ಆರಿಸಿ, ಅದನೂ ನನ್ನ ಕೈಲೆ ಒಂದ ಬಾಟಲಿಗೆ ಹಾಕತೇನಿ. ಕೈದ ಇದ್ರ ಅದನೂ ಕಪ್ಪಾಗಬೇಕಲ್ರಿ?"

ಪ್ರಯೋಗದಲ್ಲಿ ಹೋಲಿಸಿ ನೋಡಲು ಒಂದು ಬದಿಯನ್ನು ಹಾಗೆಯೇ ಇಟ್ಟುಕೊಳ್ಳಬೇಕು ಎಂದು ನಾನು ಪಾಠದಲ್ಲಿ ಎಷ್ಟೋ ಸಲ ಹೇಳಿದ್ದೆ, ಕಪ್ಪು ಹಲಗೆಯ ಮೇಲೆ ಬರೆಸಿದ್ದೆ. ಅದನ್ನು ಯಾರಾದರೂ ತಮ್ಮ ಮಾನ ಉಳಿಸಿಕೊಳ್ಳಲು ಬಳಸುತ್ತಾರೆ ಎಂದು ನನಗೆ ಹೊಳೆದಿರಲಿಲ್ಲ. ಬಸ್ಸು ಬಂದು ನಿಂತಿತು. ನಾನು ಹತ್ತಲಿಲ್ಲ. ನಾವಿಬ್ಬರೂ ಗೌಡರ ಮನೆಗೆ ಹೋಗಿ ಹೇಳಿದೆವು. ಅವರು ಪೂರ್ತಿ ಕೇಳಿ, ಆಗಲಿ ಎಂದರು. ಆ ಹುಡುಗಿಗೆ ಸೊಸೆ ಮಂಡಕ್ಕಿ, ಬೆಲ್ಲ ತಂದುಕೊಟ್ಟಳು. ಆಕೆ ತಿನ್ನದೆ ಕೈಯಲ್ಲೇ ಹಿಡಿದುಕೊಂಡು ನಿಂತಳು.

ಈ ಸಲ ಬಾವಿಯ ಹತ್ತಿರ ಜನ ಕಡಿಮೆ ಇದ್ದರು. ಮೊದಲಿನದೇ ತಮಾಷೆ ಇನ್ನೊಮ್ಮೆ ಎಂದು ಹಲವರು ಬರಲಿಲ್ಲ. ಕೈಯ ಮಾತು ಆಡಿದವನು ಬಂದು ಗುಡಿಯ ಮೆಟ್ಟಿಲ ಮೇಲೆ ಕೂತಿದ್ದ. ವಾಟರ್‌ಮ್ಯಾನನೂ ಇದ್ದ. ಗೌಡರು ಎಲ್ಲರೂ ಕೇಳುವ ಹಾಗೆ, ಹಿಂದಿನ ಸಲದ ಪರೀಕ್ಷೆಗೆ ಮುಂಚೆ ತಾವೇ ಪೌಡರ್ ಹಾಕಿಸಿದ್ದಾಗಿ ಹೇಳಿದರು. ಒಂದೇ ಸಾಲಿನಲ್ಲಿ ಹೇಳಿ ಹಗ್ಗಕ್ಕೆ ಕೈ ಹಾಕಿದರು. ಜನ ಗುಸುಗುಸು ಮಾಡಿದರು. ಗೌಡರು ಸೇದಿ ತುಂಬಿದರು. ಹುಡುಗಿ ಸೇದಿ ತುಂಬಿದಳು. ಕುದಿಸಿ ಆರಿಸಿದ ನೀರನ್ನೂ ತುಂಬಿದಳು. ಬಾಟಲಿಗಳನ್ನು ಗುಡಿಯ ಗೂಡಿನಲ್ಲಿ ಇಟ್ಟು, ಯಾವುದು ಯಾರದು ಎಂದು ಚೀಟಿ ಅಂಟಿಸಿದೆವು.

ಕಾಯುವ ಹೊತ್ತು ಹೇಗೆ ಕಳೆಯಿತೋ ಗೊತ್ತಿಲ್ಲ. ಕಪ್ಪಾಗಲಿ ಎಂದು ಬೇಡಿಕೊಳ್ಳುತ್ತಿದ್ದೇನೆಯೇ ಎಂದು ನನ್ನನ್ನೇ ಕೇಳಿಕೊಂಡೆ. ಅಷ್ಟು ಮನೆಗಳು ಕುಡಿಯುವ ನೀರು ಕೆಟ್ಟಿರಲಿ ಎಂದು ಬಯಸುವುದು ಎಂಥ ಬಯಕೆ? ಚೆನ್ನಾಗಿರಲಿ ಎಂದರೆ ಹುಡುಗಿ ಸುಳ್ಳಿಯಾಗುತ್ತಾಳೆ. ಯಾವ ಕಡೆಗೂ ಮನಸ್ಸು ನಿಲ್ಲಲಿಲ್ಲ. ಮುಂಜಾನೆ ಮೊದಲ ಬಸ್ಸಿಗೆ ಹೋದೆ. ಗುಡಿಯ ಮುಂದೆ ನನಗಿಂತ ಮೊದಲೇ ಗೌಡರಿದ್ದರು, ಹುಡುಗಿಯೂ ಇದ್ದಳು. ಆಕೆಯ ಅವ್ವ ಕೂಲಿಗೆ ಹೋಗುವ ಬುತ್ತಿಗಂಟು ಹಿಡಿದುಕೊಂಡೇ ನಿಂತಿದ್ದಳು.

ಗೌಡರ ಬಾಟಲಿ ಕಪ್ಪಾಗಿತ್ತು. ಹುಡುಗಿಯದೂ ಕಪ್ಪಾಗಿತ್ತು. ಕುದಿಸಿದ ನೀರಿನದು ಮಾತ್ರ ತಿಳಿಯಾಗಿ ಉಳಿದಿತ್ತು.

ಗೌಡರು ಮೂರನ್ನೂ ಕೈಯಲ್ಲಿ ಹಿಡಿದು ಬೆಳಕಿಗೆ ಎತ್ತಿ ನೋಡಿದರು. ಅಷ್ಟು ಹೊತ್ತಿಗೆ ಬಂದು ಸೇರಿದವರ ಕಡೆ ತಿರುಗಿ, "ಕೈದಲ್ಲ, ನೀರಿಂದು" ಎಂದರು. ಅವ್ವ ಮಗಳ ತಲೆಯ ಮೇಲೆ ಒಮ್ಮೆ ಕೈಯಿಟ್ಟು, ಹೊತ್ತಾಯಿತೆಂದು ಹೊಲದ ದಾರಿ ಹಿಡಿದಳು. ಕೈಯ ಮಾತು ಆಡಿದವನು ಕ್ಷಮೆ ಕೇಳಲಿಲ್ಲ. ಅವನು ಕೇಳುತ್ತಾನೆ ಎಂದು ಹುಡುಗಿಯೂ ಕಾಯಲಿಲ್ಲ.

ಬೇಸಿಗೆಯಲ್ಲಿ ಬಾವಿಯ ಕಟ್ಟೆಗೆ ಸಿಮೆಂಟು ಬಿತ್ತು. ದನದ ಬಾನಿಯನ್ನು ಕೆಳಗಿನ ಕಡೆಗೆ ಸರಿಸಿದರು. ವಾರಕ್ಕೊಮ್ಮೆ ಪೌಡರ್ ಹಾಕುವುದೆಂದಾಯಿತು. ಆಗ ಮಾಡಿಸಿದ ಪರೀಕ್ಷೆಯಲ್ಲಿ ಬಾಟಲಿ ತಿಳಿಯಾಗಿ ಉಳಿಯಿತು. ಕಥೆ ಅಲ್ಲಿಗೆ ಮುಗಿದಿದ್ದರೆ ನಾನು ನೆಮ್ಮದಿಯಾಗಿರುತ್ತಿದ್ದೆ. ಜೂನಿನಲ್ಲಿ ಶಾಲೆ ಶುರುವಾಗಿ, ಮಳೆ ಹಿಡಿದು ಬಾವಿ ತುಂಬಿದಾಗ ಮಕ್ಕಳು ಮತ್ತೆ ಪರೀಕ್ಷೆ ಮಾಡಿದರು. ಬಾಟಲಿ ಮತ್ತೆ ಕಪ್ಪಾಯಿತು.

ಪಾಲಕರ ಸಭೆಯಲ್ಲಿ ಎದ್ದು ಇದನ್ನು ತಿಳಿಸಿದೆ. ಕಟ್ಟೆ ಕಟ್ಟಿದರೂ ಮೇಲಿನ ಜಾಗದಿಂದ ಮಳೆನೀರು ಇಳಿದು ಬರುತ್ತದೆ, ಮಳೆಗಾಲದಲ್ಲಿ ಪೌಡರ್ ಹೆಚ್ಚು ಬೇಕು, ಕುದಿಸಿ ಕುಡಿಯುವುದೇ ಸರಿ ಎಂದು ಹೇಳಿದೆ. ಒಬ್ಬ ಪಾಲಕ ಎದ್ದು ನಿಂತ. ಒಮ್ಮೆ ಕೆಟ್ಟಿದೆ ಅಂತೀರಿ, ಒಮ್ಮೆ ಚಲೋ ಐತಿ ಅಂತೀರಿ, ಮತ್ತೆ ಕೆಟ್ಟಿದೆ ಅಂತೀರಿ, ನಿಮ್ಮ ವಿಜ್ಞಾನ ದಿನಕ್ಕೊಂದು ಮಾತಾಡಿದರೆ ನಾವು ಯಾವುದನ್ನು ಹಿಡಿಯುವುದು ಎಂದ. ನ್ಯಾಯವಾದ ಪ್ರಶ್ನೆಯೇ. ನಾನು ಉತ್ತರಕ್ಕೆ ಬಾಯಿ ತೆರೆಯುವಷ್ಟರಲ್ಲಿ ಊರ ಹಿರಿಯರೆಂದು ಸಭೆಗೆ ಬಂದಿದ್ದ ಗೌಡರು ಕೂತಲ್ಲಿಂದಲೇ ಮಾತಾಡಿದರು.

"ನಿನ್ನ ಮಗಗ ಮೊನ್ನೆ ಜ್ವರ ಇರಲಿಲ್ಲ, ನಿನ್ನೆ ಬಂತು. ಥರ್ಮಾಮೀಟರ ಸುಳ್ಳ ಹೇಳತೈತಿ ಅಂತ ಒಗದೇನ? ದವಾಖಾನಿಗೆ ಕರಕೊಂಡ ಹ್ವಾದಿಲ್ಲ? ನೀರೂ ಹಂಗ. ದಿನಾ ಒಂದ ಥರ ಇರೂದಿಲ್ಲ."

ಆತ ಕೂತ. ಪೂರ್ತಿ ಒಪ್ಪಿದನೋ ಇಲ್ಲವೋ ತಿಳಿಯದು. ನಾನು ಬೆಂಚುಗಳ ನಡುವೆ ನಿಂತಲ್ಲೇ ನಿಂತಿದ್ದೆ. ಅಷ್ಟು ವರ್ಷ ಪಾಠ ಮಾಡಿ ನಾನು ಹೇಳಬೇಕಾಗಿದ್ದ ಮಾತು ಅದು. ಆದರೆ ನನ್ನ ಬಾಯಿಂದ ಬಂದಿದ್ದರೆ ಆ ಸಭೆಯಲ್ಲಿ ಅದಕ್ಕೆ ಅಷ್ಟು ತೂಕ ಇರುತ್ತಿರಲಿಲ್ಲ. ಆ ಮಳೆಗಾಲದಲ್ಲಿ ಮತ್ತೆ ಕೊಟ್ಟ ಜಂತುಹುಳದ ಗುಳಿಗೆಗೆ ಹೆಚ್ಚಿನ ಮಕ್ಕಳು ಕೈ ಒಡ್ಡಿದರು, ಕೆಲವರು ಒಡ್ಡಲಿಲ್ಲ. ಬಾವಿಯ ನೀರನ್ನು ಕುದಿಸುವ ಮನೆಗಳಿವೆ, ಕುದಿಸಿದರೆ ಸಿಹಿ ಹೋಗುತ್ತದೆ ಎನ್ನುವ ಮನೆಗಳೂ ಇವೆ.

ಆಮೇಲೆ ನನಗೆ ಜೋಯಿಡಾ ತಾಲೂಕಿಗೆ ವರ್ಗವಾಯಿತು. ಈಗಿನ ಶಾಲೆಯ ಮಕ್ಕಳು ಮನೆಯಲ್ಲಿ ಕೊಂಕಣಿ ಆಡುತ್ತಾರೆ. ನಾನು ಅವರಿಂದ ಒಂದೊಂದೇ ಶಬ್ದ ಕಲಿಯುತ್ತಿದ್ದೇನೆ. ಇಲ್ಲಿ ಹಾವು ಕಚ್ಚಿದರೆ ಮೊದಲು ಎಲ್ಲಿಗೆ ಹೋಗಬೇಕು ಎಂಬ ಪ್ರಶ್ನೆ ದೊಡ್ಡದು. ಇಲ್ಲಿಂದ ಆಸ್ಪತ್ರೆ ದೂರ, ಮಳೆಗಾಲದಲ್ಲಿ ದಾರಿ ಇನ್ನೂ ದೂರವಾಗುತ್ತದೆ. ಆಸ್ಪತ್ರೆಗೆ ಹೋಗಿ ಎಂದು ಹೇಳಿ ಸುಮ್ಮನೆ ಕೂಡುವ ಧೈರ್ಯ ನನಗಿಲ್ಲ. ಮೊದಲು ಹೋಗುವ ದಾರಿ, ಗಾಡಿ, ಔಷಧಿ ಇದೆಯೇ ಎಂದು ವಿಚಾರಿಸುತ್ತ ತಿರುಗುತ್ತೇನೆ.

ಹುಡುಗಿ ಹತ್ತನೆಯದು ಪಾಸಾಗಿ ಹಳಿಯಾಳದಲ್ಲಿ ಹಾಸ್ಟೆಲಿನಲ್ಲಿದ್ದು ಪಿಯುಸಿ ವಿಜ್ಞಾನ ಓದುತ್ತಿದ್ದಾಳೆ. ಕಳೆದ ತಿಂಗಳು ಫೋನು ಮಾಡಿ, ಭೌತಶಾಸ್ತ್ರ ಇಂಗ್ಲಿಷಿನಲ್ಲಿ ತಲೆಗೆ ಹತ್ತುತ್ತಿಲ್ಲ, ಬಿಟ್ಟು ಆರ್ಟ್ಸಿಗೆ ಹೋಗುತ್ತೇನೆ ಎಂದಳು. ಆ ಶನಿವಾರ ನಾನು ದಾಂಡೇಲಿಯಲ್ಲಿ ಇಳಿಯದೆ ನೇರ ಹಳಿಯಾಳಕ್ಕೆ ಹೋದೆ. ಬಸ್ ಸ್ಟ್ಯಾಂಡಿನ ಎದುರಿನ ಖಾನಾವಳಿಯಲ್ಲಿ ಇಬ್ಬರೂ ಊಟಕ್ಕೆ ಕೂತೆವು. ಬಿಡಬೇಡ ಎಂದು ನಾನು ಹೇಳಲಿಲ್ಲ. ಯಾವ ಪಾಠ, ಯಾವ ಸಾಲು ಎಂದು ಕೇಳಿದೆ. ಆಕೆ ಪುಸ್ತಕ ತೆಗೆದಳು. ರೊಟ್ಟಿ ಆರುವವರೆಗೆ ಒಂದೇ ಪುಟದ ಮೇಲೆ ಕೂತೆವು. ಆ ಪುಟ ಅರ್ಥವಾಯಿತು, ಅದರ ಮುಂದಿನದು ಇಬ್ಬರಿಗೂ ಪೂರ್ತಿ ಆಗಲಿಲ್ಲ. ಕಾಲೇಜಿನಲ್ಲಿ ಮೇಷ್ಟ್ರನ್ನು ಕೇಳು ಎಂದೆ. ಕೇಳಿದರೆ ಉಳಿದವರು ನಗುತ್ತಾರೆ ಎಂದಳು.

ಪುಸ್ತಕ ಮುಚ್ಚುತ್ತ, "ಪರೀಕ್ಷೆತನಕ ನೋಡ್ತೇನಿ ಟೀಚರ್" ಎಂದಳು. ಹಾಸ್ಟೆಲಿನ ಬಾಗಿಲು ಹಾಕುವ ಹೊತ್ತಾಗಿತ್ತು. ಆಕೆ ಪುಸ್ತಕವನ್ನು ಎದೆಗವಚಿಕೊಂಡು ರಸ್ತೆ ದಾಟಿದಳು. ನಾನು ದಾಂಡೇಲಿಯ ಬಸ್ಸಿಗೆ ಕಾಯುತ್ತ ಸ್ಟ್ಯಾಂಡಿನ ಈ ತುದಿಯಿಂದ ಆ ತುದಿಗೆ ನಡೆಯತೊಡಗಿದೆ.